ಗಾಲಿಕುರ್ಚಿಯ ಋಣ

‘ನರ್ಸಿಂಗ್ ಹೋಮ್’ ಎಂಬ ಮಾತು ಶಿವಮೊಗ್ಗೆಯಲ್ಲೋ ದಾವಣಗೆರೆಯಲ್ಲೋ ಒಬ್ಬರ ಬಾಯಿಂದ ಹೊರಟರೆ, ಕೇಳಿದವರ ಕಣ್ಣೆದುರಿಗೆ ನಿಲ್ಲುವುದು ವೈದ್ಯ ದಂಪತಿಗಳು ತಮ್ಮ ಮನೆಯ ಕೆಳಮಹಡಿಯಲ್ಲೋ ಪಕ್ಕದ ಕಟ್ಟಡದಲ್ಲೋ ನಡೆಸುವ, ಹೆರಿಗೆಯೂ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಯೂ ಆಗುವ, ಹತ್ತಿಪ್ಪತ್ತು ಹಾಸಿಗೆಗಳ ಒಂದು ಚಿಕ್ಕ ಆಸ್ಪತ್ರೆ. ಅದೇ ಮಾತು ನ್ಯೂಜೆರ್ಸಿಯಲ್ಲೋ ಷಿಕಾಗೋದಲ್ಲೋ ಹೊರಟರೆ, ಆಸ್ಪತ್ರೆಯಿಂದ ಬಿಡುಗಡೆ ಹೊಂದಿಯೂ ಮನೆಗೆ ಮರಳುವಷ್ಟು ಶಕ್ತಿ ಬಾರದ ವೃದ್ಧರು ದಾದಿಯರ ಆರೈಕೆಯಲ್ಲಿ ಕೆಲವು ವಾರಗಳನ್ನೋ, ಮನೆಯೆಂಬುದೇ ಇಲ್ಲದವರು ಉಳಿದ ಆಯುಷ್ಯವನ್ನೋ ಕಳೆಯುವ ಒಂದು ವಸತಿ ನೆನಪಿಗೆ ಬರುತ್ತದೆ. ಇದರಲ್ಲಿ ಮೊದಲನೆಯ ಬಗೆಯ, ಅಂದರೆ ನುರಿತ ಶುಶ್ರೂಷೆಯನ್ನು ಕೊಡುವ ಸಂಸ್ಥೆಗೆ ಅಲ್ಲಿಯ ಕಾನೂನು ‘ಸ್ಕಿಲ್ಡ್ ನರ್ಸಿಂಗ್ ಫೆಸಿಲಿಟಿ’ ಎಂಬ ಉದ್ದದ ಹೆಸರಿಟ್ಟಿದೆ. ಅಲ್ಲಿ ನೆಲೆಸಿದ ನಮ್ಮ ಜನ ಅದನ್ನು ‘ರಿಹ್ಯಾಬ್’ ಎಂದು ಮೊಟಕು ಮಾಡಿದ್ದಾರೆ. ನಾನು ಈ ಲೇಖನದಲ್ಲಿ ಶುಶ್ರೂಷಾಲಯ ಎನ್ನುತ್ತೇನೆ.

ಅಮೆರಿಕದಲ್ಲಿ ಮಕ್ಕಳನ್ನೋ ಒಡಹುಟ್ಟಿದವರನ್ನೋ ಉಳ್ಳ ಓದುಗರು ಮತ್ತೆ ಮತ್ತೆ ನನಗೆ ಬರೆದು ಕೇಳುವ ಪ್ರಶ್ನೆ ಈ ಶುಶ್ರೂಷಾಲಯಕ್ಕೇ ಸಂಬಂಧಿಸಿದ್ದು. ಅಮ್ಮನಿಗೆ ಗಾಲಿಕುರ್ಚಿ ಬೇಕಾಯಿತು, ಅಪ್ಪನಿಗೆ ಆಮ್ಲಜನಕದ ಯಂತ್ರ ಬೇಕಾಯಿತು, ವಿಮೆ ಇದ್ದೇ ಇದೆ. ಆದರೂ ಯಂತ್ರದ ಅಂಗಡಿಯವನು ತಮಗೇ ಬಿಲ್ ಕಳುಹಿಸಿದ್ದಾನಲ್ಲ, ಇದನ್ನು ಕೊಡತಕ್ಕವರು ಯಾರು, ಎಂದು. ಈ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನನಗೆ ಬಂದದ್ದು ಯಾವ ಗ್ರಂಥದಿಂದಲೂ ಅಲ್ಲ, ನನ್ನ ಅತ್ತಿಗೆಯವರ ಮುರಿದ ಸೊಂಟದ ಮೂಳೆಯಿಂದ.

2025ರ ಬೇಸಗೆಯಲ್ಲಿ ನಾನು ನ್ಯೂಜೆರ್ಸಿಯ ಅಣ್ಣನ ಮನೆಯಲ್ಲಿದ್ದಾಗ, ಎಪ್ಪತ್ತಾರು ವರ್ಷದ ಅತ್ತಿಗೆಯವರು ಬೇಸ್‌ಮೆಂಟಿನಲ್ಲಿಟ್ಟಿದ್ದ ಸೋನಾ ಮಸೂರಿಯ ಚೀಲದಿಂದ ಒಂದು ಡಬರಿ ಅಕ್ಕಿ ತರಲು ಹೋದವರು ಮೆಟ್ಟಿಲಲ್ಲಿ ಜಾರಿ ಬಿದ್ದರು. ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯೂ ಐದು ರಾತ್ರಿಗಳ ವಾಸವೂ ಆದ ತರುವಾಯ ಅವರನ್ನು ಊರಾಚೆಯ ಒಂದು ಶುಶ್ರೂಷಾಲಯಕ್ಕೆ ಸಾಗಿಸಲಾಯಿತು. ಅಲ್ಲಿ ಕೊಟ್ಟ ಗಾಲಿಕುರ್ಚಿಯ ಒಂದು ಚಕ್ರ ಜಾತ್ರೆಯ ತೇರಿನಂತೆ ಕಿರುಗುಟ್ಟುತ್ತಿದ್ದುದರಿಂದ, ನೌಕರಳೊಬ್ಬಳು ಸದುದ್ದೇಶದಿಂದಲೇ, “ಹೊರಗಿನ ಅಂಗಡಿಯಿಂದ ಒಂದು ತರಿಸಿಕೊಳ್ಳಿ, ನಿಮಗೆ ಮೆಡಿಕೇರ್ ಇದೆಯಲ್ಲ” ಎಂದಳು. ಅಣ್ಣನ ಮಗ ಅಂದೇ ಫೋನು ಮಾಡಿದ. ಮರುದಿನ ಹೊಸ ಕುರ್ಚಿ ಬಂತು. ಕೆಲವು ವಾರಗಳ ಮೇಲೆ ಅಂಗಡಿಯ ಕಾಗದವೂ ಬಂತು. ಮೆಡಿಕೇರಿನವರು ಹಣ ಕೊಡಲು ನಿರಾಕರಿಸಿದ್ದಾರಾದಕಾರಣ ಪೂರ್ಣ ಮೊತ್ತವನ್ನು ತಾವೇ ತೆರಬೇಕು ಎಂಬುದು ಅದರ ಸಾರಾಂಶ. ಜೀವಮಾನದಲ್ಲಿ ಒಂದು ದಿನವೂ ಸಾಲ ಇಟ್ಟುಕೊಳ್ಳದ ಅಣ್ಣ ಅಂದೇ ಚೆಕ್ ಬರೆಯಲು ಕುಳಿತ. ಅವನ ಕೈಯನ್ನು ಹಿಡಿದು ನಿಲ್ಲಿಸಿದ್ದು ನಾನು; ಈ ಸಮಗ್ರ ವೃತ್ತಾಂತದಲ್ಲಿ ನನ್ನ ಪಾಲಿನ ಪುಣ್ಯ ಇಷ್ಟೇ.

ಮೆಡಿಕೇರ್ ಎಂಬುದು ಅರವತ್ತೈದು ದಾಟಿದವರಿಗೂ ಕೆಲವು ಬಗೆಯ ಅಂಗವಿಕಲರಿಗೂ ಅಮೆರಿಕದ ಒಕ್ಕೂಟ ಸರ್ಕಾರ ನಡೆಸುವ ಆರೋಗ್ಯವಿಮೆ. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ಮಿಸ್ಸೌರಿಯ ಇಂಡಿಪೆಂಡೆನ್ಸ್ ಎಂಬ ಊರಿಗೇ ಹೋಗಿ, ಇಂಥದೊಂದು ಯೋಜನೆಗಾಗಿ ಹಿಂದೆ ಹೆಣಗಿ ಸೋತಿದ್ದ ಹ್ಯಾರಿ ಟ್ರೂಮನ್ನರ ಸಮಕ್ಷಮದಲ್ಲಿ ಅದರ ಕಾನೂನಿಗೆ ಸಹಿ ಹಾಕಿದರು. ಅದಕ್ಕೆ ಮೂಲದಲ್ಲಿ ಎರಡು ಕವಲುಗಳು. ಪಾರ್ಟ್ ಎ ಎಂಬುದು ಆಸ್ಪತ್ರೆಯ ಒಳರೋಗಿಯ ವೆಚ್ಚವನ್ನೂ ಅದರ ಬೆನ್ನಿಗೆ ಬರುವ ಶುಶ್ರೂಷಾಲಯದ ವೆಚ್ಚವನ್ನೂ ನೋಡಿಕೊಳ್ಳುತ್ತದೆ. ಪಾರ್ಟ್ ಬಿ ಎಂಬುದು ವೈದ್ಯರ ಫೀಜು, ಹೊರರೋಗಿಯ ಚಿಕಿತ್ಸೆ, ಮನೆಯಲ್ಲಿ ಬಳಸುವ ಗಾಲಿಕುರ್ಚಿ, ವಾಕರ್, ಆಸ್ಪತ್ರೆಯ ಮಾದರಿಯ ಮಂಚ, ಆಮ್ಲಜನಕದ ಯಂತ್ರ ಮುಂತಾದ ಬಾಳಿಕೆಯ ಉಪಕರಣಗಳನ್ನು ನೋಡಿಕೊಳ್ಳುತ್ತದೆ. ‘ಮನೆಯಲ್ಲಿ ಬಳಸುವ’ ಎಂದು ಈಗ ತಾನೇ ಬರೆದ ಮಾತನ್ನು ಓದುಗರು ಗಂಟುಹಾಕಿ ಇಟ್ಟುಕೊಳ್ಳಬೇಕು. ಇಡೀ ಗೋಜಲಿನ ಬೀಗದ ಕೈ ಅದೇ.

ಶುಶ್ರೂಷಾಲಯಕ್ಕೂ ಮೆಡಿಕೇರಿಗೂ ನಡುವಣ ಲೆಕ್ಕವನ್ನು ತಿಳಿಯಲು ನಮ್ಮ ಮದುವೆಮನೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಛತ್ರದಲ್ಲಿ ಮದುವೆ ಮಾಡುವ ಹೆಣ್ಣಿನ ತಂದೆ ಅಡುಗೆಯವರೊಡನೆ ಎಲೆಗೆ ಇಷ್ಟು ಎಂದು ಮಾತಾಡಿಕೊಂಡ ಮೇಲೆ, ಆ ದರದಲ್ಲಿ ಉಪ್ಪು, ತುಪ್ಪ, ಕೋಸಂಬರಿಯ ಸೌತೆಕಾಯಿ, ಬಡಿಸುವವರ ಕೂಲಿ, ಕೊನೆಗೆ ಬಾಳೆಯ ಎಲೆಯೂ ಅಡಕವಾಗಿರುತ್ತವೆ. ಮದುವೆಯ ಮರುದಿನ ತರಕಾರಿಯವನು ಬೀಗರ ಬಾಗಿಲಿಗೆ ಬಂದು ಸೌತೆಕಾಯಿಯ ಹಣ ಕೇಳಿದರೆ, “ಅಡುಗೆಯವರನ್ನು ಕೇಳಪ್ಪ” ಎಂಬ ಒಂದೇ ಮಾತಿನಲ್ಲಿ ವ್ಯವಹಾರ ಮುಗಿಯುತ್ತದೆ. ಪಾರ್ಟ್ ಎ ಆಶ್ರಯದಲ್ಲಿ ರೋಗಿ ಶುಶ್ರೂಷಾಲಯದಲ್ಲಿರುವಷ್ಟು ದಿನವೂ ಮೆಡಿಕೇರ್ ಆ ಸಂಸ್ಥೆಗೆ ಕೊಡುವುದು ಇಂಥದೇ ಎಲೆಯ ದರ: ದಿನಕ್ಕೆ ಇಷ್ಟು ಎಂಬ ಒಂದು ಗಂಟು. ಹಾಸಿಗೆ, ಊಟ, ದಾದಿಯರ ಆರೈಕೆ, ಔಷಧ, ವ್ಯಾಯಾಮ ಚಿಕಿತ್ಸೆ, ಗಾಲಿಕುರ್ಚಿ, ವಾಕರ್, ಆಮ್ಲಜನಕ ಎಲ್ಲವೂ ಆ ಗಂಟಿನೊಳಗೆ. ಸಂಸ್ಥೆಯು ಇವನ್ನು ತಾನೇ ಒದಗಿಸಬಹುದು, ಇಲ್ಲವೇ ಹೊರಗಿನವರಿಂದ ತರಿಸಬಹುದು. ತರಿಸಿದರೆ ಹೊರಗಿನವರು ಹಣಕ್ಕಾಗಿ ಮುಖ ನೋಡತಕ್ಕದ್ದು ಸಂಸ್ಥೆಯನ್ನೇ ಹೊರತು ಮೆಡಿಕೇರನ್ನೂ ಅಲ್ಲ, ರೋಗಿಯನ್ನೂ ಅಲ್ಲ. ಇದಕ್ಕೆ ಅಲ್ಲಿಯ ಪರಿಭಾಷೆಯಲ್ಲಿ ಕನ್ಸಾಲಿಡೇಟೆಡ್ ಬಿಲ್ಲಿಂಗ್ ಎನ್ನುತ್ತಾರೆ. ಎಲೆಯ ಲೆಕ್ಕ ಎಂದರೆ ಅದಕ್ಕಿಂತ ಸ್ಪಷ್ಟವಾಗಿ ತಿಳಿಯುತ್ತದೆಂದು ನನ್ನ ನಂಬಿಕೆ.

ಈ ವ್ಯವಸ್ಥೆ ಮೊದಲಿನಿಂದ ಇದ್ದುದಲ್ಲ. ಹಿಂದೆ ಶುಶ್ರೂಷಾಲಯ ತನ್ನ ವೆಚ್ಚವನ್ನು ಪಾರ್ಟ್ ಎ ಕಡೆಯಿಂದ ಪಡೆಯುತ್ತಿದ್ದಾಗಲೇ ಹೊರಗಿನ ಸರಬರಾಜುದಾರರು ಅದೇ ರೋಗಿಯ ಹೆಸರಿನಲ್ಲಿ ಪಾರ್ಟ್ ಬಿ ಕಡೆಗೆ ಬೇರೆ ಬಿಲ್ಲುಗಳನ್ನು ಕಳುಹಿಸಬಹುದಾಗಿತ್ತು. ಒಂದೇ ವಸ್ತುವಿಗೆ ಎರಡು ಬಾಗಿಲುಗಳಿಂದ ಹಣ ಹೋಗುವ ಅಪಾಯವೂ, ಪಾರ್ಟ್ ಬಿ ಬಿಲ್ಲಿನ ಐದನೆಯ ಒಂದು ಪಾಲು ರೋಗಿಯ ತಲೆಗೆ ಬರುವ ಕಷ್ಟವೂ ಅದರಲ್ಲಿತ್ತು. ರೋಗಿಯ ಆರೈಕೆಗೆ ಸಮಗ್ರವಾಗಿ ಹೊಣೆಗಾರರು ಯಾರೆಂಬುದೇ ಮಸುಕಾಗಿತ್ತು. 1997ರ ಬ್ಯಾಲೆನ್ಸ್‌ಡ್ ಬಜೆಟ್ ಆಕ್ಟ್ ಎಂಬ ಕಾನೂನು ದಿನದ ದರವನ್ನೂ ಒಟ್ಟು ಬಿಲ್ಲಿನ ನಿಯಮವನ್ನೂ ಜೊತೆಯಾಗಿ ತಂದಿತು. 1998ರ ಜುಲೈಯಿಂದ ಆರಂಭವಾದ ಲೆಕ್ಕದ ವರ್ಷಗಳಿಗೆ ದಿನದ ದರ ಅನ್ವಯಿಸತೊಡಗಿತು. ನೂರು ಕೈಗಳು ಒಂದೇ ಬೊಕ್ಕಸದಲ್ಲಿ ಆಡುವುದಕ್ಕಿಂತ ಒಂದೇ ಕೈ ಆಡುವುದು ಲೇಸು ಎಂಬ ಈ ವಿಚಾರ, ಮನೆಯ ಯಜಮಾನಿಕೆಯನ್ನು ಕಂಡ ಯಾರಿಗೂ ಸಹಜವಾಗಿಯೇ ತೋರಬೇಕು.

ಎಲೆಯ ದರದಲ್ಲಿ ಎಲ್ಲವೂ ಅಡಕವೆಂದೆನಾದರೂ ಪುರೋಹಿತರ ದಕ್ಷಿಣೆಯೂ ವಾಲಗದವರ ಸಂಭಾವನೆಯೂ ಅದರಲ್ಲಿ ಸೇರುವುದಿಲ್ಲವಷ್ಟೆ. ಹಾಗೆಯೇ ಇಲ್ಲಿಯೂ ಕೆಲವು ಹೊರತುಗಳಿವೆ. ವೈದ್ಯರು ಸ್ವತಃ ಮಾಡುವ ಸೇವೆ, ಮೂತ್ರಪಿಂಡದ ರೋಗಿಗಳ ಡಯಾಲಿಸಿಸ್, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಆಗುವ ಸಿ.ಟಿ. ಮತ್ತು ಎಂ.ಆರ್.ಐ. ಪರೀಕ್ಷೆಗಳು, ಅರ್ಬುದಕ್ಕೆ ಕೊಡುವ ಕೆಲವು ಕಿಮೊಥೆರಪಿ ಔಷಧಗಳು, ಕಾನೂನು ಪಟ್ಟಿಮಾಡಿದ ಕೆಲವು ಕೃತಕ ಅವಯವಗಳು ಪ್ರತ್ಯೇಕವಾಗಿ ಬಿಲ್ ಆಗುತ್ತವೆ. ಇವುಗಳಲ್ಲಿ ಹಲವು ಬಹು ದುಬಾರಿಯಾದುವು, ಸಾಮಾನ್ಯ ಶುಶ್ರೂಷಾಲಯದ ಕೈಗೆ ಮೀರಿದುವು. ಅವನ್ನೂ ದಿನದ ದರದಲ್ಲೇ ಸೇರಿಸಿದ್ದರೆ ಅಂಥ ರೋಗಿಯನ್ನು ಒಳಗೆ ಬಿಟ್ಟುಕೊಳ್ಳಲು ಯಾವ ಸಂಸ್ಥೆಯೂ ಹಿಂದೆಗೆಯದೆ ಇರುತ್ತಿರಲಿಲ್ಲ. ಆದರೆ ಗಾಲಿಕುರ್ಚಿ ಈ ಹೊರತುಗಳಲ್ಲಿ ಇಲ್ಲ. ಅದು ಅಡುಗೆಯವರ ಸೌತೆಕಾಯಿ, ಪುರೋಹಿತರ ದಕ್ಷಿಣೆಯಲ್ಲ.

ಅತ್ತಿಗೆಯವರ ಕುರ್ಚಿಯ ಪ್ರಶ್ನೆ ಇಷ್ಟರಿಂದಲೇ ತೀರಿಹೋಗುತ್ತಿತ್ತು. ಆದರೆ ನನಗೆ ಕುತೂಹಲ ಹುಟ್ಟಿಸಿದ್ದು ಕಾನೂನಿನ ಇನ್ನೊಂದು ಪದರ. ಉಪಕರಣಕ್ಕೆ ಪಾರ್ಟ್ ಬಿ ಹಣ ಕೊಡಬೇಕಾದರೆ ರೋಗಿ ಅದನ್ನು ತನ್ನ ಮನೆಯಲ್ಲಿ ಬಳಸುತ್ತಿರಬೇಕು. ಮತ್ತು ಆಸ್ಪತ್ರೆಯಾಗಲಿ ಶುಶ್ರೂಷಾಲಯವಾಗಲಿ ಈ ಅರ್ಥದಲ್ಲಿ ಯಾರಿಗೂ ಮನೆಯಾಗಲಾರದು ಎಂದು ಸೋಷಿಯಲ್ ಸೆಕ್ಯೂರಿಟಿ ಆಕ್ಟಿನಲ್ಲಿಯೇ ವಿಧಿಸಿದೆ. ಮಗನ ಮನೆ ಮನೆಯೇ, ಬಾಡಿಗೆಯ ಕೋಣೆ ಮನೆಯೇ, ದಾದಿಯರ ನುರಿತ ಶುಶ್ರೂಷೆಯಿಲ್ಲದೆ ಊಟೋಪಚಾರದ ನೆರವನ್ನಷ್ಟೇ ಕೊಡುವ ‘ಅಸಿಸ್ಟೆಡ್ ಲಿವಿಂಗ್’ ಎಂಬ ವೃದ್ಧವಸತಿಯೂ ಸಾಮಾನ್ಯವಾಗಿ ಮನೆಯೇ. ಶುಶ್ರೂಷಾಲಯ ಮಾತ್ರ, ಅಲ್ಲಿ ಒಬ್ಬನು ಹತ್ತು ವರ್ಷ ಬದುಕಿದರೂ, ಮನೆಯಲ್ಲ. ಪಾರ್ಟ್ ಎ ದಿನಗಳು ಮುಗಿದ ಮೇಲೂ ರೋಗಿ ಅಲ್ಲಿಯೇ ಉಳಿದರೆ, “ಇನ್ನು ಎಲೆಯ ಲೆಕ್ಕ ಮುಗಿಯಿತಲ್ಲ, ಕುರ್ಚಿಗೆ ಪಾರ್ಟ್ ಬಿ ಕೊಡಲಿ” ಎನ್ನುವಂತಿಲ್ಲ. ಆ ಕುರ್ಚಿಯ ಹೊಣೆ ಆಗಲೂ ಸಂಸ್ಥೆಯ ದಿನಗಟ್ಟಳೆಯ ಶುಲ್ಕದಲ್ಲೋ, ರೋಗಿ ಬಡವರ ವಿಮೆಯಾದ ಮೆಡಿಕೇಯ್ಡಿನ ಆಶ್ರಯದಲ್ಲಿದ್ದರೆ ಆಯಾ ರಾಜ್ಯದ ನಿಯಮದಲ್ಲೋ ನಿರ್ಣಯವಾಗತಕ್ಕದ್ದು.

ಇಲ್ಲಿ ಕಾನೂನು ಒಂದು ಸೂಕ್ಷ್ಮವಾದ ಭೇದವನ್ನು ಮಾಡಿದೆ. ಹಾಗೆ ಉಳಿದವರಿಗೆ ಕೃತಕ ಕಾಲು, ಬೆನ್ನಿಗೋ ಮೊಣಕಾಲಿಗೋ ಕಟ್ಟುವ ಆಧಾರಪಟ್ಟಿ, ಶಸ್ತ್ರಕ್ರಿಯೆಯ ಗಾಯದ ಪಟ್ಟಿಗಳು, ನಳಿಕೆಯ ಮೂಲಕ ಕೊಡುವ ಆಹಾರ ಇವು, ಆಯಾ ನಿಯಮಗಳು ಒಪ್ಪಿದರೆ, ಪಾರ್ಟ್ ಬಿ ಅಡಿಯಲ್ಲಿ ದೊರೆಯಬಹುದು; ಗಾಲಿಕುರ್ಚಿ, ಮಂಚ, ವಾಕರ್ ದೊರೆಯವು. ಮೊದಲ ನೋಟಕ್ಕೆ ಇದು ಗುಮಾಸ್ತರ ವಿನೋದದಂತೆ ಕಂಡಿತಾದರೂ, ಯೋಚಿಸಿದಾಗ ಅದರ ಹಿಂದಿನ ತರ್ಕ ನನಗೆ ಹೊಳೆಯಿತು: ದೇಹಕ್ಕೆ ಅಂಟಿದ ವಸ್ತು ದೇಹ ಹೋದಲ್ಲಿಗೆ ಹೋಗುತ್ತದೆ, ಆದುದರಿಂದ ಅದರ ಋಣ ದೇಹದ್ದು; ನೆಲದ ಮೇಲೆ ನಿಲ್ಲುವ ವಸ್ತು ನೆಲಕ್ಕೆ ಸೇರಿದ್ದು, ಆದುದರಿಂದ ಅದರ ಋಣ ನೆಲದ ಒಡೆಯನದು. ಆದಕಾರಣ ಬಿಲ್ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ವಸ್ತು ಯಾರಿಗಾಗಿ ಬಂತೆಂಬುದಲ್ಲ, ಅದನ್ನು ಬಳಸಿದವರು ಆ ರಾತ್ರಿ ಎಲ್ಲಿ ಮಲಗಿದ್ದರೆಂಬುದು.

ಈ ಸೂತ್ರದ ಪರೀಕ್ಷೆ ನಮ್ಮ ಮನೆಯಲ್ಲಿಯೇ ಆಯಿತು. ಅಂಗಡಿಯ ಕಾಗದವನ್ನು ಹಿಡಿದು ಅಣ್ಣನ ಮಗ ಶುಶ್ರೂಷಾಲಯದ ಬಿಲ್ಲಿನ ಆಫೀಸಿಗೆ ಹೋದ. ಅವರು ಮೊದಲು ಭುಜ ಕುಣಿಸಿದರು. ಆಮೇಲೆ ಅವನು, ಪ್ರತಿ ರಾಜ್ಯದಲ್ಲಿಯೂ ಮೆಡಿಕೇರಿನವರಿಗೆ ಉಚಿತವಾಗಿ ಸಲಹೆ ಕೊಡುವ ‘ಷಿಪ್’ ಎಂಬ ಸರ್ಕಾರಿ ನೆರವಿನ ವ್ಯವಸ್ಥೆಯನ್ನು ಆಶ್ರಯಿಸಿದ. ಅಲ್ಲಿಯ ಒಬ್ಬ ನಿವೃತ್ತ ಮಹನೀಯರು ಎಲ್ಲವನ್ನೂ ಸಾವಧಾನವಾಗಿ ಕೇಳಿ, ಕುರ್ಚಿ ಬಂದ ತಾರೀಖನ್ನೂ ಪಾರ್ಟ್ ಎ ದಿನಗಳ ತಾರೀಖುಗಳನ್ನೂ ಒಂದರ ಪಕ್ಕದಲ್ಲಿ ಒಂದನ್ನು ಬರೆದು ತೋರಿಸಿ, “ಇದು ನಿಮ್ಮದಲ್ಲ, ಅಂಗಡಿಗೂ ಸಂಸ್ಥೆಗೂ ಬರೆಯಿರಿ” ಎಂದರಂತೆ. ಬರೆದದ್ದಾಯಿತು. ಹೊರಗಿನಿಂದ ತರಿಸಿಕೊಳ್ಳಿರೆಂದು ಹೇಳಿದವಳು ತಮ್ಮ ನೌಕರಳೇ ಎಂಬುದನ್ನು ಒಪ್ಪಿಕೊಂಡ ಸಂಸ್ಥೆ ಅಂಗಡಿಯೊಡನೆ ತನ್ನ ಲೆಕ್ಕವನ್ನು ತಾನೇ ಮುಗಿಸಿಕೊಂಡಿತು. ಯಾರೂ ಹೇಳದೆ, ಸಂಸ್ಥೆಗೆ ತಿಳಿಸದೆ, ನಾವೇ ತರಿಸಿದ್ದರೆ ಜಗಳ ಇಷ್ಟು ಸಲೀಸಾಗಿ ಇತ್ಯರ್ಥವಾಗುತ್ತಿರಲಿಲ್ಲ. ಅಡುಗೆಯವರಿಗೆ ಹೇಳದೆ ಪೇಟೆಯಿಂದ ಜಿಲೇಬಿ ತರಿಸಿದ ಹೆಣ್ಣಿನ ತಂದೆ ಆ ಹಣವನ್ನು ಎಲೆಯ ದರದಲ್ಲಿ ಹಿಡಿಯಲು ಹೋದರೆ ಏನಾಗುವುದೆಂದು ಊಹಿಸಿಕೊಳ್ಳಬಹುದು.

ಮೂವತ್ತೆಂಟು ದಿನಗಳ ಮೇಲೆ ಅತ್ತಿಗೆಯವರು ಮನೆಗೆ ಬಂದರು. ಹೊರಡುವುದಕ್ಕೆ ಎರಡು ದಿನ ಮೊದಲು ಅದೇ ಅಂಗಡಿಯವನು, ವೈದ್ಯರ ಚೀಟಿಯ ಆಧಾರದ ಮೇಲೆ, ಅದೇ ಮಾದರಿಯ ಕುರ್ಚಿಯನ್ನು ಅದೇ ಕೋಣೆಗೆ ತಂದು ಅವರ ಅಳತೆಗೆ ಹೊಂದಿಸಿ ನಡೆಸಿ ತೋರಿಸಿದ. ಈ ಸಲ ಮೆಡಿಕೇರ್ ಗೊಣಗದೆ ಹಣ ಕೊಟ್ಟಿತು. ಮನೆಯಲ್ಲಿ ಬಳಸತಕ್ಕ ಉಪಕರಣವನ್ನು ಅಳತೆಗಾಗಿಯೋ ಅಭ್ಯಾಸಕ್ಕಾಗಿಯೋ ಬಿಡುಗಡೆಗೆ ಎರಡು ದಿನಗಳಷ್ಟು ಮುಂಚಿತವಾಗಿ ತಂದುಕೊಡಲು ನಿಯಮ ಅನುಮತಿಸುತ್ತದೆ. ಆದರೆ ಬಿಲ್ಲಿನ ತಾರೀಖು ರೋಗಿ ಮನೆಗೆ ಹೊರಟ ದಿನದ್ದೇ ಆಗಿರಬೇಕು, ಮತ್ತು ಈ ನೆಪದಲ್ಲಿ ಸಂಸ್ಥೆ ತಾನು ಕೊಡಬೇಕಾದ ಕುರ್ಚಿಯಿಂದ ನುಣುಚಿಕೊಳ್ಳಬಾರದು. ಹೀಗೆ, ಅದೇ ಅಂಗಡಿ, ಅದೇ ಮಾದರಿ, ಅದೇ ಸೊಂಟ. ನಡುವೆ ಬದಲಾದದ್ದು ನೆಲವೊಂದೇ. ಮನೆಯ ನೆಲದ ಮೇಲೆ ಆ ಕುರ್ಚಿ ತಿಂಗಳ ಬಾಡಿಗೆಯದು: ವರ್ಷದ ಆರಂಭದ ಕಡಿತವನ್ನು ತುಂಬಿದ ಮೇಲೆ, ಒಪ್ಪಿತ ದರದಲ್ಲಿ ನೂರಕ್ಕೆ ಎಂಬತ್ತು ಮೆಡಿಕೇರಿನದು, ಇಪ್ಪತ್ತು ರೋಗಿಯದು, ಹದಿಮೂರು ತಿಂಗಳ ಬಾಡಿಗೆ ಸಂದರೆ ಕುರ್ಚಿಯೇ ರೋಗಿಯ ಸ್ವತ್ತಾಗುತ್ತದೆ.

ಮೊದಲೇ ಮನೆಯಲ್ಲಿ ಬಾಡಿಗೆಯ ಉಪಕರಣವಿದ್ದು ನಡುವೆ ರೋಗಿ ಶುಶ್ರೂಷಾಲಯಕ್ಕೆ ಸೇರಿದರೆ ಏನೆಂದು ಕೆಲವರು ಕೇಳಿದ್ದಾರೆ. ಬಾಡಿಗೆಯ ಹೊಸ ತಿಂಗಳು ಹುಟ್ಟುವ ದಿನ ರೋಗಿ ಅಲ್ಲಿದ್ದರೆ ಅಂಗಡಿಯವನು ಆ ದಿನಕ್ಕೆ ಬಿಲ್ ಮಾಡುವಂತಿಲ್ಲ. ರೋಗಿ ಮನೆಗೆ ಮರಳಿದ ದಿನವೇ ಆ ಬಾಡಿಗೆಗೆ ಹೊಸ ಪಾಡ್ಯ.

ಇನ್ನು ಎಲೆಯ ಲೆಕ್ಕ ಆರಂಭವಾಗುವುದಕ್ಕೇ ಕೆಲವು ಕಟ್ಟುಗಳಿವೆ. ರೋಗಿ ಅದಕ್ಕೆ ಮೊದಲು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸತತವಾಗಿ ಮೂರು ದಿನ, ಬಿಡುಗಡೆಯ ದಿನವನ್ನು ಬಿಟ್ಟು, ಇದ್ದಿರಬೇಕು. ‘ಅಬ್ಸರ್ವೇಷನ್’ ಎಂಬ ಹೆಸರಿನಲ್ಲಿ ಅದೇ ಆಸ್ಪತ್ರೆಯ ಅದೇ ಮಂಚದಲ್ಲಿ ಕಳೆದ ರಾತ್ರಿಗಳು ಈ ಎಣಿಕೆಗೆ ಬಾರವು. ಹೀಗೆ ಅರ್ಹತೆ ಬಂದರೆ ಒಂದು ಅವಧಿಗೆ ಹೆಚ್ಚೆಂದರೆ ನೂರು ದಿನ: ಮೊದಲ ಇಪ್ಪತ್ತು ದಿನ ರೋಗಿಯ ಪಾಲು ಸೊನ್ನೆ, ಇಪ್ಪತ್ತೊಂದರಿಂದ ಮುಂದೆ 2025ರ ದರದಂತೆ ದಿನಕ್ಕೆ 209 ಡಾಲರು 50 ಸೆಂಟು. ಅತ್ತಿಗೆಯವರ ಹದಿನೆಂಟು ದಿನಗಳಿಗೆ ಇದು 3,771 ಡಾಲರಾಯಿತು. ಅಣ್ಣ ಮುಂದಾಲೋಚನೆಯಿಂದ ಕೊಂಡಿದ್ದ ಪೂರಕ ವಿಮೆ ಅದನ್ನು ಹೊತ್ತಿತು. ಮೆಡಿಕೇರಿನ ಬದಲು ಖಾಸಗಿ ಕಂಪನಿಗಳು ನಡೆಸುವ ‘ಅಡ್ವಾಂಟೇಜ್’ ಯೋಜನೆಗೆ ಸೇರಿದವರಿಗೆ ಮೊದಲೇ ಅನುಮತಿ ಪಡೆಯುವಿಕೆ, ಗೊತ್ತುಮಾಡಿದ ಸಂಸ್ಥೆಗಳು ಮುಂತಾದ ಕಟ್ಟಳೆಗಳು ಬೇರೆಯಿರುವುದರಿಂದ ಅವರು ತಮ್ಮ ಯೋಜನೆಯವರನ್ನೇ ಕೇಳತಕ್ಕದ್ದು. ಮತ್ತು ಆರು ತಿಂಗಳ ಮಟ್ಟಿಗೆ ಮೊಮ್ಮಗುವಿನ ಬಾಣಂತನಕ್ಕೆಂದು ಪ್ರವಾಸದ ವೀಸಾದಲ್ಲಿ ಹೋದ ತಾಯಿತಂದೆಗಳಿಗೆ ಮೆಡಿಕೇರ್ ಇಲ್ಲವೇ ಇಲ್ಲ. ಅವರಿಗೆ ಇರುವುದು ಇಲ್ಲಿಂದಲೋ ಅಲ್ಲಿಯೋ ಕೊಂಡ ಪ್ರವಾಸಿಗರ ವಿಮೆ, ಅದರ ಸಣ್ಣ ಅಕ್ಷರಗಳಲ್ಲಿ ಇರುವಷ್ಟೇ ರಕ್ಷಣೆ.

ಈ ಕಾನೂನನ್ನು ನಾನು ಒಟ್ಟಿನಲ್ಲಿ ಮೆಚ್ಚುತ್ತೇನೆ. ಹಾಸಿಗೆ ಹಿಡಿದವರ ಮನೆಯವರಿಗೆ ಹತ್ತು ಅಂಗಡಿಗಳ ಜೊತೆ ಚೌಕಾಸಿ ಮಾಡುವ ತ್ರಾಣ ಇರುವುದಿಲ್ಲ. ಹೊಣೆಯನ್ನು ಒಬ್ಬರ ತಲೆಗೆ ಕಟ್ಟಿದ್ದು ಧರ್ಮವೇ. ಆದರೆ ದಿನದ ದರ ಪಡೆದವರಿಗೆ ಕಡಮೆ ಕೊಟ್ಟಷ್ಟೂ ಹೆಚ್ಚು ಉಳಿಯುವುದರಿಂದ, ಕಿರುಗುಟ್ಟುವ ಚಕ್ರ ಕಿರುಗುಟ್ಟುತ್ತಲೇ ಇರುವ ಸಂಭವವೂ ಅದೇ ಧರ್ಮದೊಳಗೆ ಅಡಗಿದೆ. ಅಂಥಲ್ಲಿ ಮನೆಯವರು ಹೊರಗಿನ ಅಂಗಡಿಗೆ ಫೋನು ಮಾಡದೆ, ಒಳಗಿನ ಮೇಲ್ವಿಚಾರಕರನ್ನೇ ಲಿಖಿತವಾಗಿ ಕೇಳುವುದು ಯುಕ್ತ. ನನಗೆ ಒಪ್ಪಿಗೆಯಾಗದ್ದು ಆ ‘ಮನೆ’ಯ ವ್ಯಾಖ್ಯೆಯೊಂದೇ. ಅತ್ತಿಗೆಯವರ ಎದುರು ಕೋಣೆಯಲ್ಲಿ ವರ್ಷಗಳಿಂದಲೂ ಇದ್ದ ಒಬ್ಬ ಮುದುಕಿ ಕಿಟಕಿಯಲ್ಲಿ ಕುಂಡಗಳನ್ನಿಟ್ಟು, ಗೋಡೆಯ ಮೇಲೆ ಗಂಡನ ಪಟ ತೂಗುಹಾಕಿ, ಬಂದವರನ್ನೆಲ್ಲ “ಕೂತುಕೊಳ್ಳಿ” ಎಂದು ಉಪಚರಿಸುತ್ತಿದ್ದಳು. ಆಕೆಗೆ ಬೇರೆ ವಿಳಾಸವಿರಲಿಲ್ಲ. ಬಿಲ್ಲಿನ ಸೌಕರ್ಯಕ್ಕಾಗಿ ಮಾಡಿದ ವ್ಯಾಖ್ಯೆ ಬಿಲ್ಲಿನೊಳಗೇ ಇರಲಿ. ಆಕೆಯಂಥವರಿಗೆ ಸ್ವಂತ ಅಳತೆಯ ಕುರ್ಚಿ ದೊರೆಯುವುದಕ್ಕೆ ಅದು ಅಡ್ಡವಾಗದಂತೆ ಇನ್ನೊಂದು ಹೊರತನ್ನು ಸೇರಿಸಿದ್ದರೆ ಯಾವ ಬೊಕ್ಕಸವೂ ಬರಿದಾಗುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

ನಾನು ಊರಿಗೆ ಮರಳಿದ ಮೇಲೆ ಅತ್ತಿಗೆಯವರು ನಿಧಾನವಾಗಿ ಕೋಲಿಗೆ ದಾಟಿಕೊಂಡರು. ಆಯುಧಪೂಜೆಯ ದಿನ ಕಾರಿಗೂ ಮಿಕ್ಸಿಗೂ ಇಟ್ಟಂತೆ ಆ ಕುರ್ಚಿಗೂ ಅರಿಸಿನ ಕುಂಕುಮ ಇಟ್ಟು ಹೂವು ಏರಿಸಿದರಂತೆ. ಮುಂದಿನ ತಿಂಗಳು ಇನ್ನು ಬೇಡವೆಂದು ಅಂಗಡಿಗೆ ಹೇಳಿಕಳುಹಿಸಿದಾಗ, ಒಯ್ಯಲು ಬಂದ ಹುಡುಗ ಹಿಡಿಕೆಯ ಮೇಲಿನ ಕೆಂಪು ಕಲೆಯನ್ನು ನೋಡಿ, ಇದೇನಾದರೂ ಮುರಿದಿದೆಯೇ ಎಂದು ವಿಚಾರಿಸಿದನಂತೆ. “ಇಲ್ಲಪ್ಪ, ಅದರ ಋಣ ತೀರಿತು” ಎಂದು ಅತ್ತಿಗೆಯವರು ಕನ್ನಡದಲ್ಲಿಯೇ ಹೇಳಿದರೆಂದೂ, ಅವನು ತಲೆಯಾಡಿಸಿ ರಸೀದಿಗೆ ಸಹಿ ಹಾಕಿಸಿಕೊಂಡು ಹೋದನೆಂದೂ ಅಣ್ಣ ಫೋನಿನಲ್ಲಿ ತಿಳಿಸಿದ. ಕುರ್ಚಿ ಮನೆಬಿಟ್ಟ ತಾರೀಖನ್ನು ಆ ರಸೀದಿಯಲ್ಲಿ ನೋಡಿಕೊಂಡೆಯಾ ಎಂದು ನಾನು ಕೇಳಿದೆ, ನೋಡಿದ್ದೇನೆ ಎಂದ.